ಈ ಮಳೆಗಾಲ ಬದು ಖಾಲಿ ಬಿಡಬೇಡಿ



ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಹಳೆಯ ರಾಗಿ ಹೊಲಗಳನ್ನು ಕಂಡವರಿಗೆ ಗೊತ್ತು, ಬದುವಿನ ಮೇಲೆ ಹೊಂಗೆಯೋ ಬೇವೋ ಹುಣಸೆಯೋ ಇದ್ದೇ ಇರುತ್ತಿತ್ತು. ಟ್ರ್ಯಾಕ್ಟರ್ ತಿರುಗಿಸಲು ಅಡ್ಡವೆಂದು ಕೆಲವು ಹೋದವು, ಅಣ್ಣತಮ್ಮಂದಿರ ಪಾಲಿನಲ್ಲಿ ಕೆಲವು ಹೋದವು, ಮಗಳ ಮದುವೆ ಖರ್ಚಿಗೆಂದು ಇನ್ನು ಕೆಲವು. ದೇಶದ ಉಳಿದ ಕಡೆಯೂ ಇದೇ ಪಾಡು. ಉಪಗ್ರಹ ಚಿತ್ರಗಳ ಆಧಾರದಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2018ರಿಂದ 2022ರೊಳಗೆ ಭಾರತದ ಹೊಲಗಳಿಂದ 50 ಲಕ್ಷಕ್ಕೂ ಹೆಚ್ಚು ದೊಡ್ಡ ಮರಗಳು ಮಾಯವಾಗಿವೆ.

ಅವುಗಳಲ್ಲಿ ನಿಮ್ಮ ಪಾಲಿನ ನಾಲ್ಕಾರನ್ನು ಮತ್ತೆ ನೆಡಿ ಎಂದು ಕೇಳಿಕೊಳ್ಳುವುದೇ ಈ ಮನವಿ.

ಇಂಗಾಲದ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಲೆಕ್ಕ ಹೇಳುವವರು ಕಡಿಮೆ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಣಗಿಸಿ ತೂಗಿದರೆ 200 ಕೆಜಿ ಬರುವ ಒಂದು ಮರದಲ್ಲಿ 100 ಕೆಜಿಯಷ್ಟು ಇಂಗಾಲವಿರುತ್ತದೆ. ಅಷ್ಟನ್ನು ಕೂಡಿಸಲು ಅದು ಗಾಳಿಯಿಂದ ಸುಮಾರು 367 ಕೆಜಿ ಇಂಗಾಲದ ಡೈಆಕ್ಸೈಡ್ ಹೀರಿರುತ್ತದೆ. ನಿಮ್ಮ ಬೈಕಿನಲ್ಲಿ 160 ಲೀಟರ್ ಪೆಟ್ರೋಲ್ ಉರಿದಾಗ ಹೊರಬೀಳುವುದೂ ಸುಮಾರು ಅಷ್ಟೇ. ರಾಗಿಯೂ ಇಂಗಾಲ ಹೀರುತ್ತದೆ ನಿಜ, ಆದರೆ ಕಾಳು ನಮ್ಮ ಹೊಟ್ಟೆಗೆ, ಹುಲ್ಲು ದನದ ಹೊಟ್ಟೆಗೆ ಹೋಗಿ ವರ್ಷ ಕಳೆಯುವಷ್ಟರಲ್ಲಿ ಬಹುಪಾಲು ಮತ್ತೆ ಗಾಳಿ ಸೇರುತ್ತದೆ. ಮರ ಹಾಗಲ್ಲ, ದಶಕಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಕಡಿದು ಬಾಗಿಲವಾಡ ಮಾಡಿಸಿದರೂ ಇಂಗಾಲ ಅಲ್ಲೇ ಇರುತ್ತದೆ.

ಉದುರಿದ ಎಲೆ, ಸತ್ತ ಬೇರು ಮಣ್ಣಿಗೆ ಸೇರುವುದಂತೂ ನೇರ ನಿಮ್ಮದೇ ಲಾಭ. ಮಣ್ಣು ಪರೀಕ್ಷೆಯ ಕಾರ್ಡ್ ತೆಗೆದು ನೋಡಿ. ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಅದನ್ನು ‘ಕಡಿಮೆ’ ಎಂದೇ ನಮೂದಿಸುತ್ತಾರೆ. ಅಂಥ ಮಣ್ಣಿನಲ್ಲಿ ಮಳೆ ನೀರೂ ನಿಲ್ಲದು, ಹಾಕಿದ ಗೊಬ್ಬರವೂ ನಿಲ್ಲದು.

ಒಂದೇ ಮರ ಹೆಸರಿಸಿ ಎಂದರೆ ನಾನು ಹೊಂಗೆ ಎನ್ನುತ್ತೇನೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ. ಸೊಪ್ಪು ಕತ್ತರಿಸಿ ಹೊಲಕ್ಕೆ ತುಳಿದರೆ ಹಸಿರು ಗೊಬ್ಬರ. ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೂ ಗೊಬ್ಬರವೇ. ಹೂಬಿಟ್ಟರೆ ಜೇನು ಮುತ್ತುತ್ತದೆ. ದನ ಸೊಪ್ಪಿಗೆ ಅಷ್ಟಾಗಿ ಬಾಯಿ ಹಾಕದ್ದರಿಂದ ಸಸಿ ಉಳಿಯುವುದೂ ಸುಲಭ. ಮೇವು ಬೇಕಾದವರು ಅಗಸೆ, ಗ್ಲಿರಿಸಿಡಿಯ ಸೇರಿಸಿಕೊಳ್ಳಿ. ಹಣ್ಣಿಗೆ ಹಲಸು, ನೇರಳೆ.

‘ನೆರಳಿಗೆ ರಾಗಿ ತೆನೆ ಕಟ್ಟಲ್ಲ’ ಎನ್ನುತ್ತೀರಿ. ಮರದ ಬುಡದ ಒಂದೆರಡು ಸಾಲಿನಲ್ಲಿ ಇಳುವರಿ ಇಳಿಯುವುದು ಹೌದು, ಅದನ್ನು ಮುಚ್ಚಿಡುವುದಿಲ್ಲ. ಬಿತ್ತನೆಗೆ ಮುಂಚೆ ಕೆಳಗಿನ ಕೊಂಬೆ ಸವರಿ, ಮರಕ್ಕೂ ಬೆಳೆಗೂ ನಡುವೆ ಒಂದು ಕಾಲುವೆ ತೋಡಿ ಮೇಲ್ಬೇರು ಕಡಿದರೆ ನಷ್ಟ ತಗ್ಗುತ್ತದೆ. ಪಕ್ಕದ ಹೊಲದವರ ಜೊತೆ ಮನಸ್ತಾಪ ಬೇಡವೆಂದರೆ ಬದುವಿನಿಂದ ನಾಲ್ಕಡಿ ಒಳಗೆ ನೆಡಿ.

ಇಡೀ ಹೊಲಕ್ಕೆ ಒಂದೇ ಜಾತಿಯ ಮರ ತುಂಬುವ ಆಸೆ ಮಾತ್ರ ಬೇಡ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಲ್ಲಿ ಕೋಲಾರದ ಹೊಲಗಳಿಗೆ ನೀಲಗಿರಿ ನುಗ್ಗಿತು, ರಾಗಿ ಹೋಯಿತು. ಕೊನೆಗೆ 2017ರಲ್ಲಿ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಈಗ ಹೆಬ್ಬೇವಿನ ಜಾಹೀರಾತು ನೋಡುವಾಗಲೂ ಅದನ್ನು ನೆನಪಿಡಿ.

ನೆಟ್ಟದ್ದನ್ನು ಕಡಿಯಲು ಬಿಡುತ್ತಾರೆಯೇ ಎಂಬ ಭಯ ಸಹಜ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ತೇಗದಂಥವಕ್ಕೆ ಅನುಮತಿ ಬೇಕು. ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯ ನಂತರ ಶ್ರೀಗಂಧವೂ ಬೆಳೆದವರದ್ದೇ ಆಗಿದೆ. ನೆಟ್ಟ ಮರಗಳನ್ನು ಪಹಣಿಯಲ್ಲಿ ನಮೂದು ಮಾಡಿಸಿಬಿಡಿ, ಮುಂದೆ ಅಲೆದಾಟ ಕಡಿಮೆಯಾಗುತ್ತದೆ. ಕಾರ್ಬನ್ ಕ್ರೆಡಿಟ್ ದುಡ್ಡು ಕೊಡಿಸುತ್ತೇವೆ ಎಂದು ಬಂದವರ ಕಾಗದಕ್ಕೆ ಓದದೆ ರುಜು ಹಾಕಬೇಡಿ. ಎಷ್ಟು ವರ್ಷದ ಕರಾರು, ಮರ ಸತ್ತರೆ ಹೊಣೆ ಯಾರದ್ದು, ನಡುವೆ ಕಡಿಯಬಹುದೇ ಎಂದು ಕೇಳಿ. ಆ ಹಣ ಬಂದರೆ ಬರಲಿ; ಸೊಪ್ಪು, ಸೌದೆ, ಹಣ್ಣು ಹೇಗೂ ಬರುತ್ತವೆ.

ಊರಲ್ಲಿ ಜಮೀನು ಬಿಟ್ಟು ಬೆಂಗಳೂರು ಸೇರಿದವರಿಗೂ ಈ ಮಾತು ಸಲ್ಲುತ್ತದೆ. ವರ್ಷಕ್ಕೊಮ್ಮೆ ಜಾತ್ರೆಗೆ ಹೋಗುವುದರ ಜೊತೆಗೆ ಮಳೆ ಹಿಡಿದಾಗಲೂ ಒಮ್ಮೆ ಹೋಗಿ ಬನ್ನಿ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ರಿಯಾಯಿತಿ ದರದಲ್ಲಿ ಸಸಿ ಕೊಡುತ್ತಾರೆ, ಬದುಕಿ ಉಳಿದ ಪ್ರತಿ ಸಸಿಗೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಹತ್ತಿರದ ವಲಯ ಅರಣ್ಯ ಕಚೇರಿಗೆ ಹೋಗಿ ಈಗಲೇ ಹೆಸರು ಬರೆಸಿ. ಜೂನ್ ಮಳೆ ಬೀಳುವ ಮುಂಚೆ ಗುಂಡಿ ತೆಗೆಸಿಡಿ.