ರಸೀದಿಯಲ್ಲಿರುವ ಗ್ರಂಥಾಲಯ ಕೇರಿಗೆ ಯಾವಾಗ ಬರುತ್ತೆ?



ಈ ಸಲ ಊರಿಗೆ ಹೋದಾಗ ಮನೆ ಕಂದಾಯದ ರಸೀದಿ ಹುಡುಕಿ ನೋಡಿ. ಟ್ರಂಕಿನಲ್ಲೋ ಸೂರಿನ ಸಂದಿಯಲ್ಲೋ ಅವ್ವ ಸಿಕ್ಕಿಸಿಟ್ಟಿರ್ತಾಳೆ. ಆರೋಗ್ಯ ಕರ, ಶಿಕ್ಷಣ ಕರ ಅಂತ ಇರುವ ಸಾಲಿನಲ್ಲೇ ಗ್ರಂಥಾಲಯ ಕರ ಅಂತಲೂ ಒಂದಿದೆ. ರೂಪಾಯಿಗೆ ಆರು ಪೈಸೆ. ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿ. ಕೂಲಿ ಮಾಡಿ ತಂದ ದುಡ್ಡಿನಲ್ಲಿ ಅಪ್ಪ ಇದನ್ನ ಕಟ್ಟಿದಾನೆ. ಪಟ್ಟಣದಲ್ಲಿ ಬಾಡಿಗೆ ಕೋಣೆಯಲ್ಲಿರೋ ನಮ್ಮಣ್ಣನೂ ಬಾಡಿಗೆಯೊಳಗೆ ಸೇರಿಸಿ ಕಟ್ತಿದಾನೆ. ಅಪ್ಪನಿಗೆ ಓದು ಬರಲ್ಲ, ಯಾವ ಗ್ರಂಥಾಲಯಕ್ಕೆ ಕಟ್ಟಿದೆ ಅಂತ ಅವನಿಗೆ ಯಾರೂ ಹೇಳಲಿಲ್ಲ. ನಮಗೆ ಓದು ಬರುತ್ತೆ. ನಾವಾದರೂ ಕೇಳಬೇಡವೇ?

1965ರಲ್ಲಿ ಅಂದಿನ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಮಾಡಿತು. ಗ್ರಂಥಾಲಯ ಯಾರೋ ದೊಡ್ಡವರು ಕೊಡೋ ದಾನ ಅಲ್ಲ, ಜನರ ತೆರಿಗೆಯಿಂದ ನಡೆಯೋ ಸಂಸ್ಥೆ ಅಂತ ಈ ಕಾಯ್ದೆ ಒಪ್ಪಿಕೊಂಡಿತು. ಇದು ಸಣ್ಣ ಮಾತಲ್ಲ. ಆದರೆ ಇದರಲ್ಲಿ ಎರಡು ತೂತುಗಳಿವೆ.

ಮೊದಲನೇದು, ಕರ ಹುಟ್ಟೋದು ಆಸ್ತಿಯಿಂದ. ಎಲ್ಲಿ ದೊಡ್ಡ ದೊಡ್ಡ ಕಟ್ಟಡಗಳಿವೆಯೋ ಅಲ್ಲಿ ಹೆಚ್ಚು ದುಡ್ಡು. ಗುಡಿಸಲು, ಜನತಾ ಮನೆಗಳ ಊರಿನಲ್ಲಿ ಏನು ಹುಟ್ಟೀತು? ಅಪ್ಪನ ಮನೆಯಲ್ಲಿ ಪುಸ್ತಕ ಇದ್ದವನಿಗೆ ಹತ್ತಿರದಲ್ಲೇ ಗ್ರಂಥಾಲಯ; ಗ್ರಂಥಾಲಯ ಬಿಟ್ಟರೆ ಬೇರೆ ಗತಿಯಿಲ್ಲದವನಿಗೆ ಬೀಗ ಹಾಕಿದ ಒಂದು ಕೋಣೆ.

ಎರಡನೇದು, ಕರ ವಸೂಲಿ ಮಾಡೋದು ಸ್ಥಳೀಯ ಸಂಸ್ಥೆ. ಅದು ಗ್ರಂಥಾಲಯದ ಲೆಕ್ಕಕ್ಕೆ ಜಮಾ ಮಾಡಬೇಕು. ಮಾಡದಿದ್ದರೆ? ಬೆಂಗಳೂರು ಮಹಾನಗರ ಪಾಲಿಕೆ ನೂರಾರು ಕೋಟಿ ರೂಪಾಯಿ ಗ್ರಂಥಾಲಯ ಕರ ಬಾಕಿ ಉಳಿಸಿಕೊಂಡಿದ್ದು ಪತ್ರಿಕೆಗಳಲ್ಲೇ ಮತ್ತೆ ಮತ್ತೆ ಬಂದ ಸಂಗತಿ. 2025ರಲ್ಲಿ ಆ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. ಸಾಲಗಾರ ಐದು ಪಾಲಾದ ಅಂತ ಸಾಲ ಮಾಫಿ ಆಗುತ್ತೇನ್ರಿ? ನಮ್ಮವನು ಸೊಸೈಟಿಗೆ ಸಾವಿರ ರೂಪಾಯಿ ಬಾಕಿ ಇಟ್ಟರೆ ಮನೆ ಬಾಗಿಲಿಗೇ ಬಂದು ನಿಲ್ತಾರಲ್ಲ!

ಹಳ್ಳಿಗಳ ಕತೆ ಇನ್ನೊಂದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗ ಮಾಡಿದರು. ಆಮೇಲೆ 'ಅರಿವು ಕೇಂದ್ರ' ಅಂತ ಹೆಸರಿಟ್ಟರು. ಹೆಸರು ಚೆನ್ನಾಗಿದೆ. ಕೆಲವು ಕಡೆ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಸಂತೋಷ. ಆದರೆ ಕಟ್ಟಡಕ್ಕೆ ಒಂದು ಸಲ ದುಡ್ಡು ಸಾಕು. ಪುಸ್ತಕಕ್ಕೆ, ಪತ್ರಿಕೆಗೆ, ಕರೆಂಟಿಗೆ, ನಡೆಸೋ ಮನುಷ್ಯನಿಗೆ ಪ್ರತಿ ವರ್ಷ ಬೇಕು. ಮೇಲ್ವಿಚಾರಕರಿಗೆ ಕೊಡೋದನ್ನ ಗೌರವಧನ ಅಂತ ಕರೀತಾರೆ. ಅದರಲ್ಲಿ ಗೌರವವೂ ಕಡಿಮೆ, ಧನವೂ ಕಡಿಮೆ.

ನಾನು ಹಾಸ್ಟೆಲಿನಲ್ಲಿದ್ದಾಗ ಅಲ್ಲೊಂದು ಗಾಜಿನ ಬೀರು ಇತ್ತು. ಒಳಗೆ ಅಂಬೇಡ್ಕರರ ಸಂಪುಟಗಳು. ಬೀಗದ ಕೈ ವಾರ್ಡನ್ ಹತ್ತಿರ. ಕೇಳಿದರೆ, "ಕಳೆದು ಹೋದರೆ ಆಡಿಟಿಗೆ ನಾನು ಉತ್ತರ ಕೊಡಬೇಕು ಕಣಯ್ಯ" ಅಂತಿದ್ದರು. ಮೂರು ವರ್ಷ ಗಾಜಿನಾಚೆ ನಿಂತು ಬೆನ್ನಿನ ಮೇಲಿನ ಹೆಸರು ಓದಿದೆ. ರಜಕ್ಕೆ ಊರಿಗೆ ಹೋದರೆ ಅಲ್ಲಿ ವಾಚನಾಲಯ ಇದ್ದದ್ದು ದೇವಸ್ಥಾನದ ಜಗಲಿಗೆ ಅಂಟಿದ ಕೋಣೆಯಲ್ಲಿ. ಯಾರೂ 'ಬರಬೇಡ' ಅನ್ನಲಿಲ್ಲ. ನಾವ್ಯಾರೂ ಹೋಗಲೂ ಇಲ್ಲ. ನಿಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೇ ನಾನು ಹೇಳೋದು, ಗ್ರಂಥಾಲಯಕ್ಕೆ ದುಡ್ಡು ಬಂದರೆ ಸಾಲದು, ಯಾರಿಗೆ ಎಷ್ಟು ಅನ್ನೋದು ಮೊದಲೇ ಬರೆದಿಡಬೇಕು. ಬರೋಡದ ಸಯಾಜಿರಾವ್ ಗಾಯಕವಾಡರು 1910ರಲ್ಲೇ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕನನ್ನ ಕರೆಸಿ ಇಡೀ ಸಂಸ್ಥಾನಕ್ಕೆ ಗ್ರಂಥಾಲಯ ವ್ಯವಸ್ಥೆ ಕಟ್ಟಿಸಿದರು. ಹಳ್ಳಿಯವರು ಒಂದು ಪಾಲು ಹಾಕಿದರೆ ಪ್ರಾಂತ ಪಂಚಾಯಿತಿ ಒಂದು ಪಾಲು, ಸರ್ಕಾರ ಒಂದು ಪಾಲು. ಪುಸ್ತಕದ ಪೆಟ್ಟಿಗೆಗಳು ಊರೂರು ತಿರುಗಿದವು. ಬಾಬಾಸಾಹೇಬರನ್ನ 1913ರಲ್ಲಿ ಕೊಲಂಬಿಯಕ್ಕೆ ಕಳಿಸಿದ್ದೂ ಅದೇ ಮಹಾರಾಜರು. ಆದರೆ 1917ರಲ್ಲಿ ಓದಿ ಬಂದು ಅದೇ ಬರೋಡದಲ್ಲಿ ನೌಕರಿಗೆ ಸೇರಿದ ಬಾಬಾಸಾಹೇಬರಿಗೆ ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದು ಓಡಿಸಿದರು. ರಾಜ ಒಳ್ಳೆಯವನಾದರೆ ಸಾಲದು, ಬಾಗಿಲು ಕಾಯೋನು ಯಾರು ಅನ್ನೋದೇ ಪ್ರಶ್ನೆ. ಊರಿನ ಪಾಲು ಹಾಕೋನೇ ಊರಿನ ಬೀಗದ ಕೈ ಇಟ್ಟುಕೊಳ್ತಾನೆ.

ಕೆಲವರು ಅಂತಾರೆ: "ಈಗೆಲ್ಲ ಮೊಬೈಲಿನಲ್ಲೇ ಇದೆಯಲ್ಲ, ಗ್ರಂಥಾಲಯ ಯಾಕೆ?" ಒಂದೇ ಕೋಣೆಯಲ್ಲಿ ಆರು ಜನ ಮಲಗೋ ಮನೆಯಿಂದ ಬಂದವನು ಈ ಮಾತು ಆಡಲ್ಲ. ನಮಗೆ ಪುಸ್ತಕದಷ್ಟೇ ಮುಖ್ಯ ಒಂದು ಕುರ್ಚಿ, ಒಂದು ದೀಪ, ರಾತ್ರಿ ಒಂಬತ್ತರವರೆಗೆ ಯಾರೂ ಎಬ್ಬಿಸದ ಜಾಗ. ಪೊಲೀಸ್ ಪರೀಕ್ಷೆಗೆ, ಕೆಎಎಸ್‌ಗೆ ಓದೋ ನಮ್ಮ ಹುಡುಗ ಹುಡುಗಿಯರನ್ನ ಕೇಳಿ ನೋಡಿ.

ಹಾಗಾದರೆ ನಮಗೆ ಬೇಕಾದದ್ದು ಏನು? ಹತ್ತು ವರ್ಷದ ಯೋಜನೆ. ಯಾವ ವರ್ಷ ಯಾವ ಕೇರಿ, ಯಾವ ಹಾಸ್ಟೆಲು ಅಂತ ಅದರಲ್ಲಿ ಹೆಸರು ಹಿಡಿದು ಬರೆದಿರಬೇಕು. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು ಹಣ ಎತ್ತಿಡಬೇಕು ಅಂತ 2013ರಲ್ಲಿ ಉಪಯೋಜನೆ ಕಾಯ್ದೆ ಆಯಿತಲ್ಲ, ಅದೇ ನ್ಯಾಯ ಗ್ರಂಥಾಲಯ ಕರಕ್ಕೂ ಬೇಕು. ಕೋಣೆ ಎಲ್ಲರೂ ತಲೆಯೆತ್ತಿ ನಡೆದು ಬರೋ ಜಾಗದಲ್ಲಿರಬೇಕು. ಎಷ್ಟು ವಸೂಲಾಯಿತು, ಎಷ್ಟು ಖರ್ಚಾಯಿತು, ಎಷ್ಟು ಬಾಕಿ, ಇದನ್ನ ಪ್ರತಿ ವರ್ಷ ಬಾಗಿಲ ಮೇಲೆ ಬರೆಯಬೇಕು.

ಕೊಡ್ತಾರೆ ಅಂತ ಕಾಯಬೇಡಿ. ಮಹಾಡಿನ ಕೆರೆ ಎಲ್ಲರಿಗೂ ಮುಕ್ತ ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ನೀರು ಮುಟ್ಟಿದ್ದು 1927ರಲ್ಲಿ, ಬಾಬಾಸಾಹೇಬರು ಜನರ ಜೊತೆ ನಡೆದು ಹೋದ ಮೇಲೆ. ಕಾಗದ ತಾನಾಗಿ ನೀರು ಕೊಡಲ್ಲ.

ಈ ತಿಂಗಳು ಪ್ರತಿ ಹಾಸ್ಟೆಲಿನಿಂದ ಒಂದು ಅರ್ಜಿ ಹೋಗಲಿ. ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಒಂದೇ ಪ್ರಶ್ನೆ ಕೇಳಿ: "ನಮ್ಮೂರಿನ ಗ್ರಂಥಾಲಯ ಕರ ಐದು ವರ್ಷದಲ್ಲಿ ಎಷ್ಟು ವಸೂಲಾಯಿತು, ಎಲ್ಲಿ ಖರ್ಚಾಯಿತು?" ಬಂದ ಉತ್ತರವನ್ನ ಮುಂದಿನ ಸಭೆಗೆ ತನ್ನಿ. ಉತ್ತರ ಬರದಿದ್ದರೆ ಬರಲಿಲ್ಲ ಅನ್ನೋದನ್ನೂ ತನ್ನಿ.

ಅಪ್ಪ ಕಟ್ಟಿದ ಆರು ರೂಪಾಯಿಯ ಲೆಕ್ಕ ಮಗ, ಮಗಳು ಕೇಳಲಿ.

ಜೈಭೀಮ್.

— ಒಬ್ಬ ಹಳೇ ಹಾಸ್ಟೆಲ್ ಹುಡುಗ