ಹಿಂದಿನ ಆಕ್ಸಲ್ ಬದಲಾವಣೆ: ಬೆಸುಗೆಯಷ್ಟೇ ಬಿಲ್ಲೂ ಗಟ್ಟಿಯಾಗಿರಲಿ

ಕೊಡಗು, ಚಿಕ್ಕಮಗಳೂರು ಮತ್ತು ಸಕಲೇಶಪುರ ಭಾಗದ ವ್ಯಾಪಾರ ವಹಿವಾಟಿನಲ್ಲಿ ಜೀಪಿನ ಸ್ಥಾನವನ್ನು ಬೇರೆ ಯಾವ ವಾಹನವೂ ಪೂರ್ಣವಾಗಿ ತುಂಬಿಲ್ಲ. 1947ರಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಕೈಗೊಂಡ ನಂತರ ದೇಶದಲ್ಲಿ ಬೆಳೆದು ಬಂದ ಈ ವಾಹನ ಪರಂಪರೆಯು ಇಂದಿಗೂ ಕಾಫಿ ತೋಟಗಳಲ್ಲಿ ಗೊಬ್ಬರ, ಹಣ್ಣು, ಡೀಸೆಲ್ ಪಂಪು ಮತ್ತು ಕೂಲಿಯಾಳುಗಳನ್ನು ಹೊರುತ್ತಿದೆ. ಮಡಿಕೇರಿ ಸಮೀಪದ ಮಾಂದಲಪಟ್ಟಿಯಂತಹ ಸ್ಥಳಗಳಿಗೆ ಪ್ರವಾಸಿಗರನ್ನು ಒಯ್ಯುತ್ತಿರುವುದೂ ಇದೇ ವಾಹನ. ಇವುಗಳನ್ನು ಓಡುವ ಸ್ಥಿತಿಯಲ್ಲಿ ಇರಿಸಿರುವವರು ನಮ್ಮ ಸಣ್ಣ ಪಟ್ಟಣಗಳ ಗ್ಯಾರೇಜು, ಲೇತ್ ಮತ್ತು ವೆಲ್ಡಿಂಗ್ ಶಾಪುಗಳ ಕುಶಲಕರ್ಮಿಗಳು.

ಈ ವರ್ಕ್‌ಶಾಪುಗಳಿಗೆ ಮೇಲಿಂದ ಮೇಲೆ ಬರುವ ದೊಡ್ಡ ಕೆಲಸಗಳಲ್ಲಿ ಹಿಂದಿನ ಆಕ್ಸಲ್ ಬದಲಾವಣೆಯೂ ಒಂದು. ಹೌಸಿಂಗ್ ಬಾಗಿದಾಗ ಅಥವಾ ಕ್ರೌನ್ ಪಿನಿಯನ್ ಮುರಿದಾಗ ಮೂಲ ಆಕ್ಸಲ್ ಸಿಗದಿದ್ದರೆ, ಗುಜರಿಯಿಂದ ಬೇರೆ ಮಾದರಿಯ ಆಕ್ಸಲ್ ತಂದು, ಅದರ ಸ್ಪ್ರಿಂಗ್ ಸೀಟುಗಳನ್ನು ಕತ್ತರಿಸಿ, ಜೀಪಿನ ಅಳತೆಗೆ ಮತ್ತೆ ಬೆಸೆದು ಕೂರಿಸಲಾಗುತ್ತದೆ. ಕೆಲಸ ಮುಗಿದ ಮೇಲೆ ಮಾಲೀಕರ ಕೈಗೆ ಬರುವುದು ‘ಆಕ್ಸಲ್ ಮತ್ತು ವೆಲ್ಡಿಂಗ್, ಇತರೆ’ ಎಂಬ ಒಂದು ಸಾಲಿನ ಚೀಟಿ. ಅನೇಕ ವೇಳೆ ಅದೂ ಇಲ್ಲ. ಇಷ್ಟು ಹೊಣೆಗಾರಿಕೆಯ ಕೆಲಸವನ್ನು ಇಷ್ಟು ಅಲ್ಪ ದಾಖಲೆಯ ಮೇಲೆ ನಡೆಸುವ ಪದ್ಧತಿಯು ಮಾಲೀಕರಿಗೂ ವರ್ಕ್‌ಶಾಪಿಗೂ ಸಮಾನವಾಗಿ ಅಪಾಯಕಾರಿಯಾಗಿದ್ದು, ಅದನ್ನು ಕೈಬಿಡುವ ಕಾಲ ಬಂದಿದೆ.

ಕೆಲಸದ ಸ್ವರೂಪ

ಆಕ್ಸಲ್ ಬದಲಾವಣೆಯಲ್ಲಿ ಬೆಸುಗೆಯು ಕೊನೆಯ ಹಂತವೇ ಹೊರತು ಮೊದಲನೆಯದಲ್ಲ. ಮೊದಲು ಗಮನಿಸಬೇಕಾದುದು ಅನುಪಾತ. ಹಳೆಯ ವಿಲ್ಲೀಸ್ ಮಾದರಿಗಳಲ್ಲಿ 8 ಹಲ್ಲಿನ ಪಿನಿಯನ್ನಿಗೆ 43 ಹಲ್ಲಿನ ಕ್ರೌನ್ ಇದ್ದು, ಅನುಪಾತವು ಸುಮಾರು 5.38 ಆಗುತ್ತದೆ. ಮುಂದಿನ ಆಕ್ಸಲನ್ನು ಹಾಗೆಯೇ ಉಳಿಸಿ ಹಿಂದೆ 4.88ರ ಆಕ್ಸಲ್ ಕೂರಿಸಿದರೆ, ಫೋರ್ ವೀಲ್ ಹಾಕಿದಾಗ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಶೇಕಡಾ 10ರಷ್ಟು ಹೆಚ್ಚು ತಿರುಗಲು ಯತ್ನಿಸುತ್ತವೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಇದು ಕೂಡಲೇ ತಿಳಿಯುವುದಿಲ್ಲ. ಗಟ್ಟಿ ರಸ್ತೆಯಲ್ಲಿ ಆ ಎಳೆದಾಟವನ್ನೆಲ್ಲ ಟ್ರಾನ್ಸ್‌ಫರ್ ಕೇಸ್ ಮತ್ತು ಜಾಯಿಂಟುಗಳು ಹೊರಬೇಕಾಗುತ್ತದೆ. ಚಕ್ರದ ಬೋಲ್ಟುಗಳು ಹೊಂದಿಕೆಯಾದವೆಂಬ ಕಾರಣಕ್ಕೆ ಆಕ್ಸಲ್ ಆರಿಸುವವರಿದ್ದಾರೆ. ಹಳೆಯ ಜೀಪು ಮತ್ತು ಮಾರುತಿ ಜಿಪ್ಸಿ ಎರಡರಲ್ಲಿಯೂ 139.7 ಮಿಲಿಮೀಟರ್ ವೃತ್ತದಲ್ಲಿ 5 ಬೋಲ್ಟುಗಳೇ ಇವೆ. ಆದರೆ ಚಕ್ರ ಹೊಂದಿದ ಮಾತ್ರಕ್ಕೆ ಆಕ್ಸಲಿನ ಅಗಲ, ಅನುಪಾತ ಮತ್ತು ಭಾರ ಹೊರುವ ಶಕ್ತಿ ಹೊಂದಿದಂತೆ ಆಗುವುದಿಲ್ಲ.

ಎರಡನೆಯದು ಪಿನಿಯನ್ನಿನ ಕೋನ. ಸೀಟುಗಳನ್ನು ತಾತ್ಕಾಲಿಕವಾಗಿ ಟ್ಯಾಕ್ ಮಾಡಿ, ವಾಹನವನ್ನು ಅದರ ಸ್ವಂತ ಭಾರದ ಮೇಲೆ ನಿಲ್ಲಿಸಿ, ಪ್ರೊಪೆಲ್ಲರ್ ಶಾಫ್ಟಿನ ಕೋನ ಮತ್ತು ಉದ್ದವನ್ನು ನೋಡಿದ ಬಳಿಕವೇ ಪೂರ್ಣ ಬೆಸುಗೆಗೆ ಇಳಿಯಬೇಕು. ಮೂರನೆಯದು ಶಾಖ. ಒಂದೇ ಬದಿಯಲ್ಲಿ ಉದ್ದನೆಯ ಬೆಸುಗೆ ಎಳೆದರೆ ಹೌಸಿಂಗಿನ ಕೊಳವೆ ಬಾಗುತ್ತದೆ. ಬಾಗಿದ ಕೊಳವೆಯು ಬೇರಿಂಗ್ ಮತ್ತು ಆಯಿಲ್ ಸೀಲುಗಳನ್ನು ಬೇಗನೆ ತಿನ್ನುತ್ತದೆ. ಆದ್ದರಿಂದ ತುಣುಕು ತುಣುಕಾಗಿ, ಬದಿ ಬದಲಿಸುತ್ತಾ, ನಡುವೆ ತಣಿಯಲು ಬಿಟ್ಟು ಬೆಸೆಯಬೇಕು. ಒಣಗಿಸಿಟ್ಟ ಇ7018 ದರ್ಜೆಯ ರಾಡ್ ಬಳಸುವುದು, ಕರೆಂಟು ಬೇರಿಂಗ್ ಮೂಲಕ ಹರಿಯದಂತೆ ಅರ್ಥ್ ಕ್ಲಾಂಪನ್ನು ಬೆಸುಗೆಯ ಸಮೀಪದಲ್ಲೇ ಹಾಕುವುದು, ಎರಕದ ಭಾಗಗಳ ಮೇಲೆ ಸಾಧಾರಣ ರಾಡಿನಿಂದ ಬೆಸೆಯದಿರುವುದು ಇವೆಲ್ಲ ಅನುಭವಿ ವೆಲ್ಡರಿಗೆ ತಿಳಿದ ವಿಷಯಗಳೇ. ಆದರೆ ಇವುಗಳಿಗೆ ತಗಲುವ ಸಮಯಕ್ಕೆ ದರ ಕೊಡಲು ಗಿರಾಕಿಗಳು ಸಿದ್ಧರಿಲ್ಲದಿರುವುದರಿಂದ, ತಿಳಿದಿದ್ದೂ ಬಿಟ್ಟುಬಿಡುವ ಪ್ರಸಂಗಗಳು ಬರುತ್ತವೆ.

ಒಂದೇ ಪ್ರಶ್ನೆ, ಮೂರು ಕಡೆ

ಆಕ್ಸಲ್ ಬದಲಾಯಿಸಿದ ಮೇಲೆ ಸಾರಿಗೆ ಇಲಾಖೆ, ಆದಾಯ ತೆರಿಗೆ ಇಲಾಖೆ ಮತ್ತು ವಿಮಾ ಕಂಪನಿ ಕೇಳುವ ಪ್ರಶ್ನೆಯ ತಿರುಳು ಒಂದೇ: ಹಾಳಾದ ಭಾಗಕ್ಕೆ ಅದೇ ಬಗೆಯ ಭಾಗ ಬಂದಿದೆಯೋ, ಇಲ್ಲವೇ ವಾಹನಕ್ಕೆ ಹೊಸದೊಂದು ಗುಣ ಸೇರಿದೆಯೋ?

1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ನಿಯಮಬಾಹಿರ ಮಾರ್ಪಾಡಿಗೆ ಮಾಲೀಕರ ಮೇಲೆ 6 ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿದೆ. ಅದೇ ಮಾದರಿಯ, ಅದೇ ಸಾಮರ್ಥ್ಯದ ಆಕ್ಸಲ್ ಹಾಕಿದರೆ ಅದು ದುರಸ್ತಿ. ಅಗಲವಾದ ಅಥವಾ ಹೆಚ್ಚು ಭಾರದ ಆಕ್ಸಲ್ ಬೆಸೆದರೆ ವಿಷಯ ಬೇರೆಯಾಗುತ್ತದೆ. ಸಾರಿಗೆ ವಾಹನಗಳ ನೋಂದಣಿಯಲ್ಲಿ ಪ್ರತಿ ಆಕ್ಸಲಿನ ಭಾರವೂ ದಾಖಲಾಗಿರುತ್ತದೆ ಎಂಬುದನ್ನು ಮರೆಯಲಾಗದು.

ತೆರಿಗೆಯ ಲೆಕ್ಕವೂ ಇದೇ ದಾರಿಯಲ್ಲಿ ಸಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 31ನೆಯ ಕಲಮು ‘ಚಾಲ್ತಿ ದುರಸ್ತಿ’ಯ ವೆಚ್ಚವನ್ನು ಪೂರ್ಣವಾಗಿ ಕಳೆಯಲು ಅನುಮತಿಸಿತ್ತು. ಇರುವ ಆಸ್ತಿಯನ್ನು ಕಾಪಾಡುವ ವೆಚ್ಚವೇ ಚಾಲ್ತಿ ದುರಸ್ತಿ. ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ವೆಚ್ಚ ಹಾಗಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವಿಮೆಯಲ್ಲಿಯೂ ಅಷ್ಟೆ: ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ನಂತರ ಸರ್ವೇಯರ್ ಕಣ್ಣಿಗೆ ಬಿದ್ದರೆ ಕ್ಲೇಮು ವಿವಾದಕ್ಕೆ ಸಿಲುಕುತ್ತದೆ. ಈ ಮೂರೂ ಕಡೆ ಮಾಲೀಕರು ತೋರಿಸಬಹುದಾದ ಪ್ರಮುಖ ಸಾಕ್ಷ್ಯವೆಂದರೆ ವರ್ಕ್‌ಶಾಪಿನ ಬಿಲ್. ಅದು ‘ಇತರೆ’ ಎಂದಷ್ಟೇ ಹೇಳಿದರೆ ಸಾಕ್ಷ್ಯವೇ ಇಲ್ಲದಂತಾಯಿತು.

ಜಿಎಸ್‌ಟಿ ಮತ್ತು ನಗದು

ಬಿಲ್ ಎಂದರೆ ತೆರಿಗೆಯ ಹೊರೆ ಎಂಬ ಆಕ್ಷೇಪಣೆ ಸಾಮಾನ್ಯ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ದರವನ್ನು ಶೇಕಡಾ 18ಕ್ಕೆ ಏಕರೂಪಗೊಳಿಸಿದ ಮೇಲೆ ಈ ಆಕ್ಷೇಪಣೆಯ ಬಲ ಕುಗ್ಗಿದೆ. ಸರಕು ಸಾಗಣೆ ವಾಹನದ ದುರಸ್ತಿಗೆ ತೆತ್ತ ತೆರಿಗೆಯನ್ನು ನೋಂದಾಯಿತ ವ್ಯಾಪಾರಿಗಳು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ಚಾಲಕ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನಗಳಿಗೆ ಮಾತ್ರ, ಪ್ರಯಾಣಿಕ ಸಾಗಣೆಯನ್ನೇ ತೆರಿಗೆಗೊಳಪಟ್ಟ ವ್ಯವಹಾರವಾಗಿ ನಡೆಸುವುದೇ ಮೊದಲಾದ ವಿನಾಯಿತಿಗಳನ್ನು ಬಿಟ್ಟರೆ, ಈ ಸೌಲಭ್ಯ ಇಲ್ಲ. ವಾರ್ಷಿಕ 20 ಲಕ್ಷ ರೂಪಾಯಿಯೊಳಗಿನ ಸೇವಾ ವಹಿವಾಟಿನ ಸಣ್ಣ ಶಾಪುಗಳಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ. ಆದರೆ ನೋಂದಣಿ ಇಲ್ಲವೆಂಬುದು ಸಾದಾ ಬಿಲ್ಲನ್ನೂ ಕೊಡದಿರಲು ಕಾರಣವಾಗದು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ವೆಚ್ಚವು ಆದಾಯ ತೆರಿಗೆ ಲೆಕ್ಕದಲ್ಲಿ ಅಮಾನ್ಯವಾಗುವುದರಿಂದ, ಆಕ್ಸಲಿನಂತಹ ಖರೀದಿಗೆ ಬ್ಯಾಂಕಿನ ಮೂಲಕ ಪಾವತಿಯೇ ಲೇಸು. ಇನ್ನು ಗುಜರಿಯ ಆಕ್ಸಲಿಗೆ ಮಾರಾಟಗಾರರ ಬಿಲ್ ಇಲ್ಲದಿದ್ದರೆ, ಅದು ಕಳವಿನ ವಾಹನದ್ದಲ್ಲವೆಂದು ತೋರಿಸುವ ದಾರಿಯೂ ಇಲ್ಲ.

ಅಗ್ಗದ ಲೆಕ್ಕ

ಉದಾಹರಣೆಗಾಗಿ, ಬೆಸುಗೆ ಕೂಲಿಯಲ್ಲಿ ಚೌಕಾಸಿ ಮಾಡಿ 3,000 ರೂಪಾಯಿ ಉಳಿಸಿದರೆಂದುಕೊಳ್ಳೋಣ. ಜನವರಿಯ ಕೊಯ್ಲಿನ ನಡುವೆ ಸೀಟು ಕಿತ್ತು, 6 ದಿನ ಬಾಡಿಗೆ ವಾಹನಕ್ಕೆ ದಿನಕ್ಕೆ 2,500ರಂತೆ ತೆತ್ತರೆ ಅದೊಂದೇ 15,000 ರೂಪಾಯಿ. ಮತ್ತೊಮ್ಮೆ ಆಕ್ಸಲ್ ಇಳಿಸಿ ಬೆಸೆಯುವ ಖರ್ಚು ಬೇರೆ. ಹಿಂದೆ ಆಳುಗಳು ಕುಳಿತಿದ್ದ ವಾಹನ ಇಳಿಜಾರಿನಲ್ಲಿ ಕೈಕೊಟ್ಟರೆ ಆಗುವ ನಷ್ಟವನ್ನು ಯಾವ ಲೆಕ್ಕಪುಸ್ತಕವೂ ತುಂಬಿಕೊಡಲಾರದು.

ಆಗಬೇಕಾದುದು

ವಿವರವಾದ ಬಿಲ್ ಕೇಳಿದರೆ ಗಿರಾಕಿ ಪಕ್ಕದ ಶಾಪಿಗೆ ಹೋಗುತ್ತಾರೆಂಬ ವರ್ಕ್‌ಶಾಪ್ ಮಾಲೀಕರ ಆತಂಕ ನಿರಾಧಾರವಲ್ಲ. ಒಬ್ಬರೇ ಶಿಸ್ತು ಪಾಲಿಸಿದರೆ ನಷ್ಟ ಅವರದೇ. ಆದ್ದರಿಂದಲೇ ಇದು ವಾಣಿಜ್ಯ ಸಂಸ್ಥೆಗಳು ಮತ್ತು ಸ್ಥಳೀಯ ಗ್ಯಾರೇಜು ಮಾಲೀಕರ ಸಂಘಗಳು ಒಟ್ಟಾಗಿ ಮಾಡಬೇಕಾದ ಕೆಲಸ. ಒಂದು ಪುಟದ ಏಕರೂಪದ ಜಾಬ್ ಕಾರ್ಡ್ ಸಾಕು: ತೆಗೆದ ಮತ್ತು ಹಾಕಿದ ಆಕ್ಸಲಿನ ಮಾದರಿ, ಅನುಪಾತ, ಖರೀದಿಯ ಮೂಲ, ಬಳಸಿದ ರಾಡ್, ಬೆಸೆದವರ ಹೆಸರು, ಬೆಸುಗೆಯ ಫೋಟೊ. ಸೂಕ್ಷ್ಮ ಬಿರುಕುಗಳನ್ನು ತೋರಿಸುವ ಕೆಂಪು ಬಣ್ಣದ ಸ್ಪ್ರೇ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಅದನ್ನು ಬಿಲ್ಲಿನಲ್ಲಿ ಪ್ರತ್ಯೇಕ ಬಾಬತ್ತಾಗಿ ತೋರಿಸಿ ಹಣ ಪಡೆಯಲಿ. ಬೇರೆ ಮಾದರಿಯ ಆಕ್ಸಲ್ ಬೇಕೆನ್ನುವ ಮಾಲೀಕರಿಗೆ ಸಾರಿಗೆ ಕಚೇರಿಯ ಅನುಮತಿಯ ಅಗತ್ಯವನ್ನು ಕೆಲಸ ಹಿಡಿಯುವ ಮುನ್ನವೇ ಬರಹದಲ್ಲಿ ತಿಳಿಸಲಿ.

ಮಾಲೀಕರ ಕರ್ತವ್ಯವೂ ಇಲ್ಲಿದೆ. ಒಳ್ಳೆಯ ಬೆಸುಗೆಗೆ ತಗಲುವ ಸಮಯಕ್ಕೆ ದರ ಕೊಡದೆ, ಅದರ ಹೊಣೆಯನ್ನು ಮಾತ್ರ ವೆಲ್ಡರ್ ಮೇಲೆ ಹೊರಿಸುವುದು ನ್ಯಾಯವಲ್ಲ. ಬೆಲೆ ಕೊಟ್ಟು, ಬಿಲ್ ಕೇಳಿ ಪಡೆಯುವ ಗಿರಾಕಿಗಳು ಹೆಚ್ಚಿದಷ್ಟೂ ನಮ್ಮ ಊರುಗಳ ಈ ಕುಶಲ ಉದ್ಯಮವು ಗೌರವದಿಂದ ಬಾಳಲು ಸಾಧ್ಯವಾಗುತ್ತದೆ.