ಬಂದದ್ದು ನಮ್ಮದಾಗುವ ಬಗೆ

ಜಾಗತೀಕರಣ ನಮ್ಮ ಸಂಸ್ಕೃತಿಯನ್ನು ಹಾಳುಮಾಡುತ್ತಿದೆ ಎಂಬ ಮಾತನ್ನು ವಿಜಯಪುರದಲ್ಲಿ ನಿಂತು ಹೇಳುವುದು ಕಷ್ಟ. ಹೊರಗಿನದನ್ನು ಬರಮಾಡಿಕೊಂಡೇ ಬೆಳೆದ ಊರಿದು. ಪಕ್ಕದ ತೊರವಿಯಿಂದ ನೆಲದಡಿಯಲ್ಲಿ ನೀರು ತಂದ ಕರೇಜ್ ಇರಾನಿನ ವಿದ್ಯೆ. ನಮ್ಮ ಕೋಟೆಯ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ತುರ್ಕಿ ಮೂಲದವನು. ನಮ್ಮ ರೊಟ್ಟಿಯ ಜೋಳದ ತವರು ಆಫ್ರಿಕಾ. ಜೊತೆಗೆ ನಂಚಿಕೊಳ್ಳುವ ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಅದೇ ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಿತ್ತುಕೊಂಡದ್ದು ಈ ಊರನ್ನಾಳಿದ ಆದಿಲಶಾಹಿಗಳಿಂದ. ಬಂದದ್ದೆಲ್ಲ ಪ್ರೀತಿಯಿಂದ ಬರಲಿಲ್ಲ, ಯುದ್ಧದ ಬೆನ್ನಿಗೂ ಬಂತು.

ಆದರೆ ಬಂದದ್ದು ಬಂದ ಹಾಗೆ ಉಳಿಯಲಿಲ್ಲ. ಮೊಹರಂ ಹೊತ್ತಿಗೆ ಈ ಸೀಮೆಯ ಹಳ್ಳಿಗಳಲ್ಲಿ ಹಾಡುವ ರಿವಾಯತ್ ಪದಗಳನ್ನು ಕೇಳಿ. ಕಥೆ ಇರಾಕಿನ ಕರ್ಬಲಾದ್ದು, ಮಾತು ನಮ್ಮ ಹಳ್ಳಿಯ ಕನ್ನಡ. ಮುಸ್ಲಿಮರ ಜೊತೆ ಬೇರೆ ಜಾತಿಯವರೂ ಹೆಜ್ಜೆ ಹಾಕಿ ಹಾಡುತ್ತಾರೆ. ಹಾಡುವವರೇ ಪದ ಕಟ್ಟಿ, ತಿದ್ದಿ, ದೂರದ ದುಃಖವನ್ನು ಮನೆಯ ದುಃಖ ಮಾಡಿಕೊಂಡರು.

ತಿಕೋಟಾದ ದ್ರಾಕ್ಷಿ ತೋಟಗಳಲ್ಲೂ ಇದೇ ನಡೆದಿದೆ. ಥಾಮ್ಸನ್ ಸೀಡ್‌ಲೆಸ್ ಎಂಬ ಹೆಸರು ಕ್ಯಾಲಿಫೋರ್ನಿಯಾದ್ದು, ಕಸಿಗೆ ಬಳಸುವ ಡಾಗ್‌ರಿಡ್ಜ್ ಬೇರು ಟೆಕ್ಸಾಸಿನದು. ಚಳಿದೇಶಗಳಲ್ಲಿ ಬಳ್ಳಿಯನ್ನು ವರ್ಷಕ್ಕೊಮ್ಮೆ ಸವರುತ್ತಾರೆ. ನಮ್ಮ ಬಿಸಿಲಿಗೆ ಅದು ಒಗ್ಗದೆ, ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು, ಹೀಗೆ ಎರಡು ಚಾಟ್ನಿಯ, ಅಂದರೆ ಎರಡು ಸಲ ಸವರುವ, ಪದ್ಧತಿ ದಖನ್ನಿನಲ್ಲಿ ನೆಲೆಗೊಂಡಿತು. ಮಳೆ ನಂಬಿ ಕೂತಿದ್ದ ಎಷ್ಟೋ ಮನೆಗಳಿಗೆ ಒಣದ್ರಾಕ್ಷಿ ದುಡ್ಡು ತಂದಿದೆ.

ನನ್ನ ಆತಂಕ ಬೇರೆ. ಈಗ ಬರುವುದರಲ್ಲಿ ಬಹುಪಾಲು ಮೊದಲೇ ಸಿದ್ಧವಾಗಿ ಬರುತ್ತದೆ, ನಮ್ಮ ಕೈ ತಾಗಲು ಅದರಲ್ಲಿ ಎಡೆಯಿಲ್ಲ. ಮದುವೆಯಲ್ಲಿ ಅರಿಷಿಣ ಹಚ್ಚುವಾಗ ಹೆಣ್ಣುಮಕ್ಕಳು ಸೋಬಾನೆ ಹೇಳುತ್ತಿದ್ದರು. ಬೀಗರ ಹೆಸರು ಸೇರಿಸಿ, ಅಲ್ಲೇ ಹೊಸ ನುಡಿ ಕಟ್ಟಿ ಕೆಣಕುತ್ತಿದ್ದರು. ಈಗ ಅದು ‘ಹಳದಿ ಫಂಕ್ಷನ್’. ಎಲ್ಲರಿಗೂ ಹಳದಿ ಬಟ್ಟೆ, ಡಿಜೆಯ ಹಾಡು, ರೀಲ್ಸಿನಲ್ಲಿ ಕಂಡ ಕುಣಿತ. ಕುಣಿತದಲ್ಲಿ ತಪ್ಪಿಲ್ಲ. ಹಾಡುತ್ತಿದ್ದವರು ಬರೀ ಕೇಳುವವರಾದರಲ್ಲ, ನಷ್ಟ ಅಲ್ಲಿದೆ.

ಹಾಗೆಂದು ಬಾಗಿಲು ಮುಚ್ಚಿ ಎನ್ನುವವರ ಜೊತೆ ನಾನಿಲ್ಲ. ಇದೇ ಜಿಲ್ಲೆಯ ಹಳ್ಳಿಯ ಹುಡುಗಿಯರು ಸೈಕ್ಲಿಂಗ್ ಪೋಷಾಕು ತೊಟ್ಟು ಹೆದ್ದಾರಿಯಲ್ಲಿ ರೇಸಿನ ತಾಲೀಮು ಮಾಡುತ್ತಾರೆ. ಆ ಸ್ವಾತಂತ್ರ್ಯವನ್ನು ನಮ್ಮ ಸಂಪ್ರದಾಯ ತಾನಾಗಿ ಕೊಟ್ಟಿರಲಿಲ್ಲ. ಅಚ್ಚಿನ ಯಂತ್ರವೂ ಪರದೇಶದ್ದೇ. ಮನೆಮನೆ ಅಲೆದು ತಾಳೆಗರಿ ಕೂಡಿಸಿದ ಫ.ಗು. ಹಳಕಟ್ಟಿಯವರು 1925ರಲ್ಲಿ ಇದೇ ಊರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು, ಆ ಯಂತ್ರದಿಂದಲೇ ವಚನಗಳನ್ನು ನಾಡಿಗೆ ಹಂಚಿದರು.

ಇಂದು ಫೋನಿನಿಂದ ಅಂಥ ಕೆಲಸ ಆಗಬಹುದು. ರಿವಾಯತ್ ಮೇಳಗಳ ವಿಡಿಯೋಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಆದರೆ ಹಾಡನ್ನು ಹಿಡಿದಿಟ್ಟರೆ ಸಾಲದು, ಕಟ್ಟುವ ಕಲೆ ಮುಂದಿನವರ ಬಾಯಿಗೆ ಬರಬೇಕು. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಸೋಬಾನೆ ಬಲ್ಲ ಹಿರಿಯ ಹೆಣ್ಣುಮಕ್ಕಳು ತಿಕೋಟಾ, ಬಬಲೇಶ್ವರದ ಕಡೆ ಇನ್ನೂ ಇದ್ದಾರೆ. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಕಳಿಸುವುದು ಬೇಡ. ವಿಶ್ವವಿದ್ಯಾಲಯ ಅವರನ್ನು ತರಗತಿಗೆ ಕರೆಯಲಿ, ಅಧ್ಯಾಪಕರಿಗೆ ಕೊಡುವಂತೆ ಅವರಿಗೂ ಸಂಬಳ ಕೊಡಲಿ.